ಹೆಲಿಕಾಪ್ಟರಿಗೇಕೆ ಬ್ರೇಕು?

ಹೆಲಿಕಾಪ್ಟರ್ ನಿಂತ ಜಾಗದಿಂದಲೇ ಮೇಲೇಳುತ್ತದೆ, ಬೇಕಾದ ಜಾಗದಲ್ಲಿ ಇಳಿಯುತ್ತದೆ. ವಿಮಾನದ ಹಾಗೆ ಉದ್ದನೆಯ ರನ್‌ವೇ ಅದಕ್ಕೆ ಬೇಡ. ಹಾಗಿದ್ದ ಮೇಲೆ ಅದಕ್ಕೆ ಚಕ್ರ ಯಾಕೆ? ಚಕ್ರಕ್ಕೆ ಬ್ರೇಕು ಯಾಕೆ?

ಕಂಪ್ಯೂಟರಿನಲ್ಲಿ ಫ್ಲೈಟ್ ಸಿಮ್ಯುಲೇಟರ್ ಹಾಕಿಕೊಂಡು ಕೂತ ಮಕ್ಕಳಿಗೆ ಈ ಪ್ರಶ್ನೆ ಬಹಳ ಬೇಗ ಎದುರಾಗುತ್ತದೆ. ಚಕ್ರವಿರುವ ಹೆಲಿಕಾಪ್ಟರನ್ನು ಆರಿಸಿ, ಎಂಜಿನ್ ಶುರುಮಾಡಿ, ರನ್‌ವೇ ಕಡೆಗೆ ಹೊರಟರೆ ಅದು ಹೇಳಿದ ಮಾತು ಕೇಳುವುದಿಲ್ಲ. ಬ್ರೇಕ್ ಒತ್ತಿದರೂ ಜಾರುತ್ತದೆ. ಸ್ವಲ್ಪ ತಿರುಗಿಸಿದರೆ ಪೂರ್ತಿ ತಿರುಗಿಬಿಡುತ್ತದೆ. ಕೆಲವೊಮ್ಮೆ ಪಕ್ಕಕ್ಕೆ ವಾಲಿ ಮಗುಚಿಯೇ ಬೀಳುತ್ತದೆ. ಪ್ರೋಗ್ರಾಂ ಕೆಟ್ಟಿದೆ ಎಂದುಕೊಂಡು ಬೇರೆ ಆಟ ತೆರೆಯುವ ಮೊದಲು ಸ್ವಲ್ಪ ತಾಳಿ. ಆ ಹೆಲಿಕಾಪ್ಟರ್ ಭೌತವಿಜ್ಞಾನದ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸುತ್ತಿದೆ. ಅವು ಯಾವ ನಿಯಮಗಳು ಎಂದು ನೋಡೋಣ.

ಮೊದಲು ಚಕ್ರದ ಮಾತು. ಯಲಹಂಕದ ಏರೋ ಇಂಡಿಯಾ ಪ್ರದರ್ಶನಕ್ಕೆ ಹೋದವರು ವಾಯುಪಡೆಯ ಸಾರಂಗ್ ತಂಡದ ಧ್ರುವ್ ಹೆಲಿಕಾಪ್ಟರುಗಳನ್ನು ಕಂಡಿರುತ್ತೀರಿ. ಅವುಗಳ ಹೊಟ್ಟೆಯಡಿ ಚಕ್ರವಿಲ್ಲ, ಎರಡು ಉದ್ದನೆಯ ಕೊಳವೆಗಳಿವೆ. ಇವಕ್ಕೆ ಸ್ಕಿಡ್ ಎಂದು ಹೆಸರು. ಸ್ಕಿಡ್ ಹಗುರ, ಗಟ್ಟಿ, ಕೆಡುವಂಥದ್ದೇನೂ ಅದರಲ್ಲಿಲ್ಲ. ಆದರೆ ಸ್ಕಿಡ್ ಇರುವ ಹೆಲಿಕಾಪ್ಟರ್ ಉರುಳಲಾರದು. ನೂರು ಮೀಟರ್ ಆಚೆ ಹೋಗಬೇಕಾದರೂ ನೆಲದಿಂದ ಸ್ವಲ್ಪ ಎದ್ದು ತೇಲಿಕೊಂಡೇ ಹೋಗಬೇಕು. ಬೆಂಗಳೂರಿನ ಎಚ್‌ಎಎಲ್‌ ವಿಮಾನ ಕಾರ್ಖಾನೆಯಲ್ಲಿ ರೂಪುಗೊಂಡು 1992ರಲ್ಲಿ ಮೊದಲು ಹಾರಿದ ಇದೇ ಧ್ರುವ್, ನೌಕಾಪಡೆಗೆ ಬೇಕಾದಾಗ ಚಕ್ರ ಹಾಕಿಕೊಂಡಿತು. ಹಡಗಿನ ಅಟ್ಟದ ಮೇಲೆ ಹೆಲಿಕಾಪ್ಟರನ್ನು ತಳ್ಳಿಕೊಂಡು ಗೂಡಿನೊಳಗೆ ಸೇರಿಸಬೇಕಲ್ಲ! ಅಲೆಗೆ ಹಡಗು ಓಲಾಡುವಾಗ ಅದು ಉರುಳಿಹೋಗದಂತೆ ಹಿಡಿದಿಡಲು ಬ್ರೇಕೂ ಬೇಕು.

ನಮ್ಮ ವಾಯುಪಡೆಯ ಎಂಐ-17 ಹೆಲಿಕಾಪ್ಟರಿಗೂ ಚಕ್ರಗಳಿವೆ. ರಷ್ಯಾದಲ್ಲಿ ತಯಾರಾದ ಈ ದೈತ್ಯ, ಸರಕು ಮತ್ತು ಜನರನ್ನು ತುಂಬಿಕೊಂಡು ಹೊರಟಾಗ 13,000 ಕಿಲೋ ತನಕ ತೂಗಬಹುದು. ಅಷ್ಟು ತೂಕ ಗಾಳಿಯಲ್ಲಿ ನಿಲ್ಲಬೇಕಾದರೆ ಅದರ ತಲೆಯ ಮೇಲಿನ ರೋಟರು ಅಷ್ಟೇ ಬಲದಿಂದ ಗಾಳಿಯನ್ನು ಕೆಳಕ್ಕೆ ತಳ್ಳುತ್ತಿರಬೇಕು. ನೆಲದ ಹತ್ತಿರ ಆ ಗಾಳಿ ಬಿರುಗಾಳಿಯಾಗಿ ನಾಲ್ಕೂ ಕಡೆ ನುಗ್ಗುತ್ತದೆ. ಧೂಳು, ಕಲ್ಲು, ತಗಡು ಏನು ಸಿಕ್ಕಿದರೂ ಹಾರಿಸುತ್ತದೆ. ಇಂಧನವೂ ಸುಮ್ಮನೆ ಸುಡುತ್ತದೆ. ಅದಕ್ಕೇ ಗಟ್ಟಿ ನೆಲವಿರುವ ಕಡೆ ಪೈಲಟ್ ಅದನ್ನು ಚಕ್ರದ ಮೇಲೆ ಉರುಳಿಸಿಕೊಂಡು ಹೋಗುತ್ತಾರೆ. ಹೀಗೆ ನೆಲದ ಮೇಲೆ ಸಾಗುವುದನ್ನು ಟ್ಯಾಕ್ಸಿ ಮಾಡುವುದು ಎನ್ನುತ್ತಾರೆ. ಇನ್ನು ಮುಂದೆ ನಮ್ಮ ಮಾತೆಲ್ಲ ಈ ಎಂಐ-17ರಂಥ ಹೆಲಿಕಾಪ್ಟರಿನದೇ.

ಕಾರಿನಲ್ಲಿ ಎಂಜಿನ್ ಚಕ್ರವನ್ನು ತಿರುಗಿಸುತ್ತದೆ, ಚಕ್ರ ನೆಲವನ್ನು ಹಿಂದಕ್ಕೆ ತಳ್ಳುತ್ತದೆ, ಕಾರು ಮುಂದೆ ಹೋಗುತ್ತದೆ. ಹೆಲಿಕಾಪ್ಟರಿನ ಚಕ್ರಕ್ಕೂ ಎಂಜಿನ್ನಿಗೂ ಯಾವ ಸಂಬಂಧವೂ ಇಲ್ಲ. ಚಕ್ರಗಳು ಸುಮ್ಮನೆ ಉರುಳುತ್ತವೆ, ಅಷ್ಟೆ. ಎಳೆಯುವ ಕೆಲಸ ತಲೆಯ ಮೇಲೆ ತಿರುಗುವ ರೋಟರಿನದು.

ಪೈಲಟ್ಟಿನ ಎಡಗೈಯಲ್ಲಿ ಕಲೆಕ್ಟಿವ್ ಎಂಬ ಸನ್ನೆಕೋಲು ಇರುತ್ತದೆ. ಅದನ್ನು ಮೇಲಕ್ಕೆತ್ತಿದರೆ ರೋಟರಿನ ಎಲ್ಲ ಅಲಗುಗಳೂ ಒಟ್ಟಿಗೆ ಓರೆಯಾಗಿ ಗಾಳಿಯನ್ನು ಹೆಚ್ಚು ಬಲವಾಗಿ ಕೆಳಗೆ ತಳ್ಳುತ್ತವೆ. ಬಲಗೈಯಲ್ಲಿ ಸೈಕ್ಲಿಕ್ ಎಂಬ ಕೋಲು. ಅದನ್ನು ಯಾವ ಕಡೆ ವಾಲಿಸಿದರೂ ರೋಟರಿನ ಸುತ್ತು ಆ ಕಡೆಗೆ ವಾಲುತ್ತದೆ. ಎರಡೂ ಪಾದಗಳ ಕೆಳಗೆ ಪೆಡಲ್‌ಗಳು. ಅವು ಬಾಲದ ತುದಿಯ ಸಣ್ಣ ರೋಟರನ್ನು ಅಂಕೆಯಲ್ಲಿಟ್ಟು, ಮೂತಿಯನ್ನು ಎಡಕ್ಕೋ ಬಲಕ್ಕೋ ತಿರುಗಿಸುತ್ತವೆ.

ಈಗ ಒಂದು ಲೆಕ್ಕ ಮಾಡೋಣ. ನಮ್ಮ ಹೆಲಿಕಾಪ್ಟರ್ ಈ ಹೊತ್ತು 11,000 ಕಿಲೋ ತೂಗುತ್ತದೆ ಎಂದಿಟ್ಟುಕೊಳ್ಳಿ. ಕಲೆಕ್ಟಿವ್ ಸ್ವಲ್ಪ ಎತ್ತಿದ್ದೇವೆ. ರೋಟರು 4,000 ಕಿಲೋ ಹೊರುತ್ತಿದೆ, ಉಳಿದ 7,000 ಕಿಲೋ ಚಕ್ರಗಳ ಮೇಲಿದೆ. ಸೈಕ್ಲಿಕ್ಕನ್ನು ಮುಂದಕ್ಕೆ ಒತ್ತಿ ರೋಟರಿನ ಸುತ್ತನ್ನು 5 ಡಿಗ್ರಿಯಷ್ಟು ಮುಂದೆ ವಾಲಿಸಿದರೆ, ಆ 4,000 ಕಿಲೋ ಬಲದ ಒಂದು ಸಣ್ಣ ಪಾಲು, ಸುಮಾರು 350 ಕಿಲೋ ತೂಕದಷ್ಟು, ಹೆಲಿಕಾಪ್ಟರನ್ನು ಮುಂದಕ್ಕೆಳೆಯುತ್ತದೆ. ಗಟ್ಟಿ ನೆಲದ ಮೇಲೆ ಟೈರು ಉರುಳಲು ಬರುವ ಅಡ್ಡಿ ಬಹಳ ಕಡಿಮೆ. ಚಕ್ರದ ಮೇಲಿರುವ ಭಾರದ ನೂರರಲ್ಲಿ ಎರಡು ಪಾಲು ಎಂದು ಹಿಡಿದರೆ 140 ಕಿಲೋ. 350ರಲ್ಲಿ ಅದನ್ನು ಕಳೆದು ಉಳಿದ 210ರಷ್ಟು ಬಲವೇ ಸಾಕು: ಹತ್ತು ಸೆಕೆಂಡಿನಲ್ಲಿ ಹೆಲಿಕಾಪ್ಟರ್ ಗಂಟೆಗೆ ಆರೇಳು ಕಿಲೋಮೀಟರ್ ವೇಗಕ್ಕೆ ಬಂದಿರುತ್ತದೆ. ಚುರುಕಾಗಿ ನಡೆಯುವವರ ವೇಗ ಅದು. ಟ್ಯಾಕ್ಸಿಗೆ ಇಷ್ಟು ಸಾಕು.

ಸೈಕ್ಲಿಕ್ಕನ್ನು ಇನ್ನೂ ಮುಂದೆ ಒತ್ತಿದರೆ ಇನ್ನೂ ಬೇಗ ಹೋಗಬಹುದಲ್ಲ ಎಂದು ನೀವು ಕೇಳಬಹುದು. ಕಲೆಕ್ಟಿವ್ ಕೆಳಗೇ ಇದ್ದು ಸೈಕ್ಲಿಕ್ ಮಾತ್ರ ಪೂರ್ತಿ ಮುಂದೆ ಹೋದರೆ ಅಲಗುಗಳು ಮಿತಿಮೀರಿ ಬಾಗಿ, ಅವುಗಳನ್ನು ಹಿಡಿದಿರುವ ತಡೆಗಳಿಗೆ ಬಡಿಯಬಹುದು. ನಿಜವಾದ ಯಂತ್ರದಲ್ಲಿ ಇದು ಅಪಾಯ. ಅದಕ್ಕೇ ಸೈಕ್ಲಿಕ್ ಸ್ವಲ್ಪ, ಕಲೆಕ್ಟಿವ್ ಸ್ವಲ್ಪ.

ಹೆಲಿಕಾಪ್ಟರ್ ಹೊರಟಿತು. ಈಗ ನಿಲ್ಲಿಸಬೇಕು.

ಎಂಐ-17ರ ಮೂತಿಯ ಕೆಳಗೆ ಜೋಡಿ ಚಕ್ರ, ಹಿಂದೆ ಎಡಕ್ಕೊಂದು ಬಲಕ್ಕೊಂದು ದೊಡ್ಡ ಚಕ್ರ. ಬ್ರೇಕಿರುವುದು ಹಿಂದಿನ ಎರಡಕ್ಕೆ ಮಾತ್ರ. ಬ್ರೇಕಿನ ಹಿಡಿ ಸೈಕ್ಲಿಕ್ ಕೋಲಿನ ಮೇಲೆಯೇ ಇದೆ, ಸೈಕಲ್ ಹ್ಯಾಂಡಲ್ಲಿನ ಬ್ರೇಕ್ ಹಿಡಿಯುವಂತೆ ಬೆರಳಿನಿಂದ ಹಿಡಿಯಬೇಕು. ಹಿಡಿದಾಗ ಒತ್ತಡದ ಗಾಳಿ ಕೊಳವೆಗಳಲ್ಲಿ ಹರಿದು ಚಕ್ರದೊಳಗಿನ ಬ್ರೇಕನ್ನು ಅದುಮುತ್ತದೆ, ಬಿಟ್ಟಾಗ ಬುಸ್ಸೆಂದು ಹೊರಗೆ ಹೋಗುತ್ತದೆ. ಬೇರೆ ಕೆಲವು ಹೆಲಿಕಾಪ್ಟರುಗಳಲ್ಲಿ ಪೆಡಲ್ಲಿನ ಮೇಲ್ತುದಿಯನ್ನು ಕಾಲ್ಬೆರಳ ತುದಿಯಿಂದ ಒತ್ತಿ ಎಡಚಕ್ರಕ್ಕೆ ಬೇರೆ, ಬಲಚಕ್ರಕ್ಕೆ ಬೇರೆ ಬ್ರೇಕ್ ಹಾಕಬಹುದು.

ಬ್ರೇಕ್ ಚಕ್ರವನ್ನು ನಿಲ್ಲಿಸುತ್ತದೆ. ಆದರೆ ಹೆಲಿಕಾಪ್ಟರನ್ನು ನಿಲ್ಲಿಸುವುದು ಯಾರು? ಟೈರು ಮತ್ತು ನೆಲದ ನಡುವಿನ ಘರ್ಷಣೆ. ಚಕ್ರ ನಿಂತರೂ ಟೈರು ನೆಲವನ್ನು ಕಚ್ಚಿ ಹಿಡಿಯದಿದ್ದರೆ ಇಡೀ ಯಂತ್ರ ಜಾರಿಕೊಂಡು ಹೋಗುತ್ತದೆ. ಘರ್ಷಣೆ ಎಷ್ಟಿರಬಹುದು ಎಂಬುದನ್ನು ನಿರ್ಧರಿಸುವುದು ಟೈರಿನ ಮೇಲೆ ಬಿದ್ದಿರುವ ಭಾರ. ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟು ಒಂದು ಬೆರಳಿನಿಂದ ತಳ್ಳಿ ನೋಡಿ, ಸಲೀಸಾಗಿ ಜಾರುತ್ತದೆ. ಇನ್ನೊಂದು ಅಂಗೈಯಿಂದ ಅದನ್ನು ಮೇಲಿನಿಂದ ಅದುಮಿ ಮತ್ತೆ ತಳ್ಳಿ. ಪುಸ್ತಕ ಅದೇ, ಮೇಜು ಅದೇ, ಆದರೂ ಜಾರುವುದಿಲ್ಲ. ಒಣಗಿದ ಡಾಂಬರಿನ ಮೇಲೆ ಟೈರಿಗೆ ಸಿಗುವ ಹಿಡಿತ, ಅದರ ಮೇಲಿನ ಭಾರದ ಹತ್ತರಲ್ಲಿ ಏಳು ಪಾಲಿನಷ್ಟು ಎಂದು ಲೆಕ್ಕಕ್ಕೆ ಹಿಡಿಯಬಹುದು.

ಕಲೆಕ್ಟಿವ್ ಪೂರ್ತಿ ಕೆಳಗಿದೆ ಎಂದುಕೊಳ್ಳಿ. ಹೆಲಿಕಾಪ್ಟರಿನ ಭಾರವೆಲ್ಲ ಚಕ್ರಗಳ ಮೇಲೆ. ಅದರಲ್ಲಿ 8,000 ಕಿಲೋ ಬ್ರೇಕಿರುವ ಹಿಂದಿನ ಚಕ್ರಗಳ ಮೇಲೆ ಎನ್ನೋಣ. ಆಗ ಟೈರುಗಳಿಗೆ 5,600 ಕಿಲೋ ತನಕ ಹಿಡಿತ ಸಿಗುತ್ತದೆ. ಒಳ್ಳೆಯ ಬ್ರೇಕು.

ಈಗ ಅದೇ ಹೆಲಿಕಾಪ್ಟರು, ಅದೇ ಬ್ರೇಕು, ಆದರೆ ಕಲೆಕ್ಟಿವ್ ಮೇಲಿದೆ. ರೋಟರು 10,000 ಕಿಲೋ ಹೊರುತ್ತಿದೆ. ಚಕ್ರಗಳಿಗೆ ಉಳಿದದ್ದು 1,000 ಕಿಲೋ ಮಾತ್ರ. ಅದಿಷ್ಟೂ ಹಿಂದಿನ ಚಕ್ರಗಳ ಮೇಲೆಯೇ ಬಿದ್ದರೂ ಸಿಗುವ ಹಿಡಿತ 700 ಕಿಲೋ. ಇತ್ತ ಸೈಕ್ಲಿಕ್ ಇನ್ನೂ 5 ಡಿಗ್ರಿ ಮುಂದಿದ್ದರೆ, ರೋಟರು ಮುಂದಕ್ಕೆಳೆಯುವ ಬಲ 870 ಕಿಲೋ! ಬ್ರೇಕನ್ನು ಎಷ್ಟು ಗಟ್ಟಿಯಾಗಿ ಹಿಡಿದರೂ ಹೆಲಿಕಾಪ್ಟರ್ ನಿಲ್ಲದು. ಚಕ್ರಗಳು ತಿರುಗದೆ ನಿಂತಿರುತ್ತವೆ, ಯಂತ್ರ ಮಾತ್ರ ಟೈರನ್ನು ಉಜ್ಜಿಕೊಂಡು ಮುಂದೆ ಸರಿಯುತ್ತದೆ.

ಸಿಮ್ಯುಲೇಟರಿನಲ್ಲಿ ನಿಮ್ಮ ಹೆಲಿಕಾಪ್ಟರ್ ಬ್ರೇಕಿಗೆ ಬಗ್ಗದೆ ಜಾರಿದ್ದಕ್ಕೆ ಇದೇ ಕಾರಣ. ಬ್ರೇಕಿನ ಶಕ್ತಿ ಇರುವುದು ಬ್ರೇಕಿನಲ್ಲಿ ಅರ್ಧ, ಪೈಲಟ್ಟಿನ ಎಡಗೈಯಲ್ಲಿ ಅರ್ಧ. ಆದ್ದರಿಂದ ನಿಲ್ಲಿಸುವ ಕ್ರಮ ಹೀಗೆ: ಮೊದಲು ಸೈಕ್ಲಿಕ್ಕನ್ನು ನಡುವಿಗೆ ತಂದು ಎಳೆತ ತೆಗೆಯಬೇಕು, ಕಲೆಕ್ಟಿವ್ ಇಳಿಸಿ ಭಾರವನ್ನು ಚಕ್ರಗಳಿಗೆ ಕೊಡಬೇಕು, ಆಮೇಲೆ ಬ್ರೇಕು. ಈ ಕ್ರಮ ಕೈಗೆ ಬಂದರೆ ಟ್ಯಾಕ್ಸಿ ಅರ್ಧ ಕಲಿತಂತೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಬ್ರೇಕ್ ಹಾಕಿದಾಗ ವೇಗ ಎಲ್ಲಿಗೆ ಹೋಗುತ್ತದೆ? ಬಿಸಿಯಾಗುತ್ತದೆ. 11,000 ಕಿಲೋ ಹೆಲಿಕಾಪ್ಟರ್ ಸೆಕೆಂಡಿಗೆ 5 ಮೀಟರ್, ಅಂದರೆ ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿದ್ದರೆ ಅದರ ಚಲನಶಕ್ತಿ 1,37,500 ಜೂಲ್. ಒಂದು ಲೀಟರ್ ನೀರನ್ನು ಸುಮಾರು 33 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು ಇಷ್ಟು ಶಕ್ತಿ ಸಾಕು. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಅದಕ್ಕೇ ಟ್ಯಾಕ್ಸಿ ನಿಧಾನವಾಗಿರಬೇಕು.

ನಿಧಾನ ಎಂದು ಹೇಳುವುದು ಸುಲಭ, ಸಿಮ್ಯುಲೇಟರಿನಲ್ಲಿ ನಿಧಾನವಾಗಿದ್ದೇವೆಯೇ ಎಂದು ತಿಳಿಯುವುದು ಕಷ್ಟ. ನಿಜವಾದ ಹೆಲಿಕಾಪ್ಟರಿನಲ್ಲಿ ಸೀಟು ಅದುರುತ್ತದೆ, ಮೈ ಮುಂದೆ ವಾಲುತ್ತದೆ. ನಮ್ಮ ಮೇಜಿನ ಮುಂದೆ ಅದೇನೂ ಇಲ್ಲ. ಗಾಳಿಯ ಒತ್ತಡದಿಂದ ವೇಗ ಅಳೆಯುವ ಮೀಟರಿನ ಮುಳ್ಳು ಇಷ್ಟು ಕಡಿಮೆ ವೇಗದಲ್ಲಿ ನಂಬುವಂತಿರುವುದಿಲ್ಲ. ಮೂತಿಯ ಮುಂದಿನ ನೆಲವನ್ನೇ ದಿಟ್ಟಿಸಬೇಡಿ. ಪಕ್ಕದ ಕಿಟಕಿಯ ಕಡೆ ನೋಟ ಹೊರಳಿಸಿ, ಹುಲ್ಲೋ ದೀಪವೋ ಹಿಂದೆ ಸರಿಯುವುದನ್ನು ನೋಡಿ. ನೆಲದ ಮೇಲೆ ನಡೆದುಹೋಗುವ ಮನುಷ್ಯ ನಿಮ್ಮನ್ನು ಹಿಂದಿಕ್ಕಬಹುದು ಎನಿಸಿದರೆ ವೇಗ ಸರಿಯಾಗಿದೆ.

ಇನ್ನು ತಿರುಗುವುದು. ಎಂಐ-17ರ ಮುಂದಿನ ಚಕ್ರಕ್ಕೆ ಸ್ಟೇರಿಂಗ್ ಇಲ್ಲ. ಅಂಗಡಿಯ ಸಾಮಾನು ತಳ್ಳುವ ಟ್ರಾಲಿಯ ಮುಂಚಕ್ರದಂತೆ ಅದು ತನ್ನಷ್ಟಕ್ಕೆ ತಿರುಗಿಕೊಳ್ಳುತ್ತದೆ. ಪೆಡಲ್ ಒತ್ತಿದಾಗ ಬಾಲದ ರೋಟರು ಬಾಲವನ್ನು ಪಕ್ಕಕ್ಕೆ ತಳ್ಳುತ್ತದೆ, ಮೂತಿ ತಿರುಗುತ್ತದೆ, ಮುಂದಿನ ಚಕ್ರ ಹಿಂಬಾಲಿಸುತ್ತದೆ. ತಿರುಗಲು ಶುರುವಾದದ್ದು ತಾನಾಗಿ ನಿಲ್ಲುವುದಿಲ್ಲ, ಎದುರಿನ ಪೆಡಲ್ ಒತ್ತಿ ತಡೆಯಬೇಕು. ತಿರುವಿನ ನಂತರ ನಾಲ್ಕಾರು ಮೀಟರ್ ನೇರವಾಗಿ ಉರುಳಿ ಆಮೇಲೆ ನಿಂತರೆ ಮುಂಚಕ್ರ ನೆಟ್ಟಗಾಗಿರುತ್ತದೆ. ಅಡ್ಡ ತಿರುಗಿದ ಚಕ್ರದಲ್ಲಿ ನಿಂತರೆ ಮುಂದಿನ ಸಲ ಹೊರಡುವಾಗ ಹೆಲಿಕಾಪ್ಟರ್ ಓರೆಯಾಗಿ ಎಳೆಯುತ್ತದೆ. ಹಾಗೆಯೇ ಬ್ರೇಕ್ ಬಿಗಿಹಿಡಿದು ಪೆಡಲ್ ಒತ್ತಿ ತಿರುಗಿಸಬಾರದು. ಹಾಗೆ ಮಾಡಿದರೆ ಟೈರು ತಿರುಚಿಕೊಳ್ಳುತ್ತದೆ.

ಮಗುಚುವುದಕ್ಕೆ ಕಾರಣ ಭಾರದ ಎತ್ತರ. ಎರಡು ಎಂಜಿನ್, ದೊಡ್ಡ ಗೇರ್‌ಬಾಕ್ಸ್, ರೋಟರು, ಎಲ್ಲವೂ ಛಾವಣಿಯ ಮೇಲಿವೆ. ಹಿಂದಿನ ಚಕ್ರಗಳ ನಡುವಿನ ಅಂತರ ಸುಮಾರು 4.5 ಮೀಟರ್. ಮೇಲೆ ಭಾರ ಹೆಚ್ಚಿರುವ ಯಂತ್ರ ವೇಗವಾಗಿ ತಿರುಗಿದರೆ ಹೊರಗಡೆಗೆ ವಾಲುತ್ತದೆ. ಪೈಲಟ್‌ಗಳು ಸೈಕ್ಲಿಕ್ಕನ್ನು ತಿರುವಿನ ಒಳಗಡೆಗೆ ತುಸು ವಾಲಿಸಿ ಅದನ್ನು ಸರಿದೂಗಿಸುತ್ತಾರೆ. ಇನ್ನೊಂದು ಮಾತು: ಚಕ್ರಗಳು 4.5 ಮೀಟರ್ ಅಗಲದಲ್ಲಿದ್ದರೂ ರೋಟರಿನ ಸುತ್ತು 21 ಮೀಟರ್ ಅಗಲ. ಚಕ್ರಕ್ಕೆ ದಾರಿಯಿದೆ ಎಂದು ಕಂಬದ ಪಕ್ಕ ಹೋಗುವ ಹಾಗಿಲ್ಲ!

ಇದೆಲ್ಲ ಕಂಪ್ಯೂಟರಿಗೆ ಹೇಗೆ ಗೊತ್ತು? ಅಲ್ಲಿ ಟೈರೂ ಇಲ್ಲ, ಡಾಂಬರೂ ಇಲ್ಲ. ಫ್ಲೈಟ್‌ಗಿಯರ್ ಎಂಬ ಸಿಮ್ಯುಲೇಟರನ್ನು ಯಾರು ಬೇಕಾದರೂ ಉಚಿತವಾಗಿ ಹಾಕಿಕೊಳ್ಳಬಹುದು, ಅದರ ಒಳಗನ್ನೂ ತೆರೆದು ನೋಡಬಹುದು. ಹಾರುವ ಪ್ರತಿಯೊಂದು ಯಂತ್ರಕ್ಕೂ ಅದರಲ್ಲಿ ಒಂದು ಕಡತವಿದೆ. ಆ ಕಡತದಲ್ಲಿ ಪ್ರತಿ ಚಕ್ರ ಎಲ್ಲಿದೆ, ಅದರ ಸ್ಪ್ರಿಂಗ್ ಎಷ್ಟು ಗಟ್ಟಿ, ಅದಕ್ಕೆ ಬ್ರೇಕ್ ಇದೆಯೇ ಎಂದು ಸಂಖ್ಯೆಗಳಲ್ಲಿ ಬರೆದಿರುತ್ತದೆ. ಘರ್ಷಣೆಗೆ ಎರಡು ಸಂಖ್ಯೆ. ಅದು ಬಳಸುವ ಯಾಸಿಮ್ ಎಂಬ ಲೆಕ್ಕದ ಪದ್ಧತಿಯಲ್ಲಿ ಬೇರೇನೂ ಬರೆಯದಿದ್ದರೆ ಸ್ಥಾಯಿ ಘರ್ಷಣೆಗೆ 0.8, ಜಾರು ಘರ್ಷಣೆಗೆ 0.7 ಎಂದು ಹಿಡಿಯುತ್ತಾರೆ. ಎರಡನೆಯದು ಕಡಿಮೆ ಯಾಕೆ? ಭಾರದ ಪೆಟ್ಟಿಗೆಯನ್ನು ತಳ್ಳಿದವರಿಗೆ ಗೊತ್ತು: ಅಲುಗಾಡಿಸುವ ತನಕ ಕಷ್ಟ, ಒಮ್ಮೆ ಜಾರಿದ ಮೇಲೆ ಸುಲಭ. ಶಾಲೆಯ ವಿಜ್ಞಾನ ಪಾಠದಲ್ಲಿ ಓದಿದ ಅದೇ ಸಂಗತಿ ಇಲ್ಲಿ ಕೆಲಸಕ್ಕೆ ಬಂದಿದೆ.

ಕಂಪ್ಯೂಟರ್ ಸೆಕೆಂಡಿಗೆ 120 ಸಲ ಈ ಲೆಕ್ಕ ಮಾಡುತ್ತದೆ. ಚಕ್ರದ ಸ್ಪ್ರಿಂಗ್ ಎಷ್ಟು ಅದುಮಿದೆ? ಅದರಿಂದ ಚಕ್ರದ ಮೇಲಿನ ಭಾರ ಎಷ್ಟು? ಆ ಭಾರಕ್ಕೆ ಹಿಡಿತ ಎಷ್ಟು? ಬ್ರೇಕ್ ಎಷ್ಟು ಒತ್ತಿದ್ದಾರೆ? ಉತ್ತರ ಸಿಕ್ಕಿದೊಡನೆ ಹೆಲಿಕಾಪ್ಟರನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಮೊದಲಿನಿಂದ ಲೆಕ್ಕ. ನೀವು ಕಲೆಕ್ಟಿವ್ ಎತ್ತಿದ ಕೂಡಲೇ ಸ್ಪ್ರಿಂಗ್ ಸಡಿಲವಾಗುತ್ತದೆ, ಭಾರದ ಸಂಖ್ಯೆ ಇಳಿಯುತ್ತದೆ, ಹಿಡಿತವೂ ಇಳಿಯುತ್ತದೆ. ಬ್ರೇಕ್ ಹಾಕಿದ್ದರೂ ಜಾರು ಎಂದು ಯಾರೂ ಬೇರೆಯಾಗಿ ಬರೆದಿಲ್ಲ. ಲೆಕ್ಕದಿಂದ ತಾನಾಗಿಯೇ ಹುಟ್ಟಿಬರುತ್ತದೆ. ಸಿಮ್ಯುಲೇಟರಿನಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಗುವುದು ಇದೇ.

ಆದರೆ ಕಂಪ್ಯೂಟರಿಗೂ ತೊಡಕಾಗುವ ಒಂದು ಸಂಗತಿಯಿದೆ. ಪಾರ್ಕಿಂಗ್ ಬ್ರೇಕ್ ಹಾಕಿ ನಿಲ್ಲಿಸಿದ ವಿಮಾನ ಕೆಲವು ಸಿಮ್ಯುಲೇಟರುಗಳಲ್ಲಿ ಇಂಚಿಂಚೇ ಸರಿಯುತ್ತಿರುತ್ತದೆ, ಇಲ್ಲವೇ ನಡುಗುತ್ತಿರುತ್ತದೆ. ಚಲಿಸುವ ವಸ್ತುವಿನ ಮೇಲೆ ಘರ್ಷಣೆ ಯಾವ ದಿಕ್ಕಿಗೆ ಎಂದು ಹೇಳುವುದು ಸುಲಭ: ಚಲನೆಗೆ ವಿರುದ್ಧ. ವಸ್ತು ನಿಂತೇ ಇದ್ದರೆ? ಆಗ ಘರ್ಷಣೆ ತನ್ನ ಶಕ್ತಿಯನ್ನೆಲ್ಲ ತೋರಿಸುವುದಿಲ್ಲ. ನೀವು ಎಷ್ಟು ತಳ್ಳುತ್ತೀರೋ ಅಷ್ಟೇ ತಿರುಗಿ ತಳ್ಳುತ್ತದೆ, ಒಂದು ಚೂರು ಹೆಚ್ಚಿಲ್ಲ, ಒಂದು ಚೂರು ಕಡಿಮೆಯಿಲ್ಲ. ಪ್ರಕೃತಿ ಇದನ್ನು ಸಲೀಸಾಗಿ ಮಾಡುತ್ತದೆ. ಕಂಪ್ಯೂಟರು ಮಾತ್ರ ತಳ್ಳುವ ಬಲಗಳನ್ನೆಲ್ಲ ಮೊದಲು ಕೂಡಿಸಿ, ಸರಿಸಮನಾದ ಉತ್ತರ ಹುಡುಕಬೇಕು. ಉತ್ತರದಲ್ಲಿ ಕೂದಲೆಳೆ ತಪ್ಪಿದರೂ ವಿಮಾನ ಅಲುಗುತ್ತದೆ. ಒಂದು ವಸ್ತುವನ್ನು ಸುಮ್ಮನೆ ನಿಲ್ಲಿಸಿಡುವುದು ಪ್ರೋಗ್ರಾಂ ಬರೆಯುವವರಿಗೆ ಅಷ್ಟು ಕಷ್ಟದ ಕೆಲಸ.

ಪೈಲಟ್‌ಗಳ ತರಬೇತಿಗೆ ಬಳಸುವ ದೊಡ್ಡ ಸಿಮ್ಯುಲೇಟರುಗಳು ಬೆಂಗಳೂರಿನಲ್ಲೂ ಇವೆ. ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಕಂಪನಿ ಸೇರಿ ಕಟ್ಟಿದ ಹ್ಯಾಟ್ಸಾಫ್ ಎಂಬ ಕೇಂದ್ರದಲ್ಲಿ ಧ್ರುವ್ ಹೆಲಿಕಾಪ್ಟರಿಗೂ ಇಂಥ ಸಿಮ್ಯುಲೇಟರ್ ತರಬೇತಿ ನಡೆಯುತ್ತದೆ. ಇಂಥ ದೊಡ್ಡ ಸಿಮ್ಯುಲೇಟರುಗಳಲ್ಲಿ ಪೈಲಟ್ ಕೂರುವ ಕೋಣೆ ಆರು ಚಲಿಸುವ ಕಾಲುಗಳ ಮೇಲೆ ನಿಂತಿರುತ್ತದೆ. ಬ್ರೇಕ್ ಹಾಕಿದಾಗ ಮೈ ಮುಂದಕ್ಕೆ ತಳ್ಳಿದಂತಾಗಬೇಕಲ್ಲ? ಅದಕ್ಕೆ ಇಡೀ ಕೋಣೆಯನ್ನು ಮೂತಿ ಕೆಳಗಾಗುವಂತೆ ಮೆಲ್ಲಗೆ ವಾಲಿಸುತ್ತಾರೆ. ಭೂಮಿಯ ಸೆಳೆತ ಪೈಲಟ್ಟನ್ನು ಮುಂದಕ್ಕೆಳೆಯುತ್ತದೆ. ಎದುರಿನ ಪರದೆಯ ಮೇಲೆ ನೆಲ ಮಟ್ಟಸವಾಗಿಯೇ ಕಾಣುವುದರಿಂದ ಮಿದುಳು ಅದನ್ನು ಬ್ರೇಕ್ ಎಂದೇ ನಂಬುತ್ತದೆ.

ನಿಮ್ಮ ಮನೆಯ ಕಂಪ್ಯೂಟರಿಗೆ ಆರು ಕಾಲಿಲ್ಲದಿದ್ದರೂ ಪ್ರಯೋಗಕ್ಕೆ ಅಡ್ಡಿಯಿಲ್ಲ. ಫ್ಲೈಟ್‌ಗಿಯರಿನಲ್ಲಿ ‘ಬಿ’ ಕೀ ಒತ್ತಿದಷ್ಟು ಹೊತ್ತು ಬ್ರೇಕ್ ಹಿಡಿಯುತ್ತದೆ, ಶಿಫ್ಟ್ ಜೊತೆಗೆ ‘ಬಿ’ ಒತ್ತಿದರೆ ಪಾರ್ಕಿಂಗ್ ಬ್ರೇಕ್. ಕೀಲಿಮಣೆಯ ಬ್ರೇಕಿಗೆ ಮೆಲ್ಲಗೆ ಒತ್ತುವುದು ಗೊತ್ತಿಲ್ಲ, ಹಾಕಿದರೆ ಪೂರ್ತಿ, ಬಿಟ್ಟರೆ ಇಲ್ಲ. ಆದ್ದರಿಂದ ಅದುಮಿ ಹಿಡಿಯದೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು ನಿಲ್ಲಿಸಿ. ಹೊರಟ ಕೂಡಲೇ ಒಮ್ಮೆ ಬ್ರೇಕ್ ಒತ್ತಿ ಅದು ಹಿಡಿಯುತ್ತದೆಯೇ ಎಂದು ನೋಡಿಕೊಳ್ಳಿ. ನಿಜವಾದ ಪೈಲಟ್‌ಗಳೂ ಹಾಗೆಯೇ ಮಾಡುತ್ತಾರೆ.

ಕೈ ಪಳಗಿದ ಮೇಲೆ ಹೀಗೊಂದು ಪರೀಕ್ಷೆ ಮಾಡಿ. ಚಕ್ರವಿರುವ ಹೆಲಿಕಾಪ್ಟರನ್ನು ಬಯಲಿನಲ್ಲಿ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಸೈಕ್ಲಿಕ್ಕನ್ನು ತುಸು ಮುಂದಿಟ್ಟು, ಕಲೆಕ್ಟಿವ್ವನ್ನು ಚೂರುಚೂರೇ ಎತ್ತುತ್ತಾ ಹೋಗಿ. ಬ್ರೇಕ್ ಸೋತು ಹೆಲಿಕಾಪ್ಟರ್ ಜಾರಲು ಶುರುವಾಗುವ ಜಾಗ ಎಲ್ಲಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಇಂಧನ ಅರ್ಧ ಮಾಡಿ, ತೂಕ ಇಳಿಸಿ, ಮತ್ತೆ ನೋಡಿ. ಆ ಜಾಗ ಯಾವ ಕಡೆಗೆ ಸರಿಯುತ್ತದೆ ಎಂದು ಮೊದಲೇ ಊಹಿಸಿ ಬರೆದಿಟ್ಟು, ಆಮೇಲೆ ಪರೀಕ್ಷಿಸಿ.